ರಾಣಿಯ ಹೆಸರಿನ ಮುಂದೆ ‘ವಿಧವೆ’ ಅಂತ ಬರೀಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಪತ್ರ ಸ್ವಲ್ಪ ಉದ್ದ ಆಗುತ್ತೆ. ಪೂರ್ತಿ ಹಾಕೋಕೆ ಜಾಗ ಇಲ್ದಿದ್ರೆ ಬೇಡ, ಆದ್ರೆ ನೀವು ಮತ್ತು ನಿಮ್ಮ ಡೆಸ್ಕಿನವರು ಪೂರ್ತಿ ಓದಿ ಅಂತ ಕೇಳ್ಕೋತೀನಿ. ನಾನು ಹೈಸ್ಕೂಲಲ್ಲಿ 31 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ರಿಟೈರ್ ಆದವಳು, ಹುಟ್ಟಿ ಬೆಳೆದಿದ್ದು ಬೈಲಹೊಂಗಲ, ಮದುವೆಯಾಗಿ ಬಂದು ಸೇರಿದ್ದು ಮೈಸೂರಿನ ವಿ.ವಿ. ಮೊಹಲ್ಲಾ. ಈ ಎರಡೂ ಊರಿನ ಹೆಸರು ಯಾಕೆ ಹೇಳ್ದೆ ಅನ್ನೋದು ಆಮೇಲೆ ಗೊತ್ತಾಗುತ್ತೆ.

2025ರ ಅಕ್ಟೋಬರ್ 24ಕ್ಕೆ ಥಾಯ್ಲೆಂಡ್‌ನ ಸಿರಿಕಿತ್ ತೀರ್ಕೊಂಡ್ರಲ್ಲ, 93 ವರ್ಷ ಆಗಿತ್ತು, ಆ ಸುದ್ದಿಯನ್ನ ನಾನು ಕನ್ನಡದಲ್ಲಿ ಮೂರ್ನಾಲ್ಕು ಕಡೆ ಓದ್ದೆ, ಟಿವಿಯಲ್ಲೂ ನೋಡ್ದೆ. ಒಂದು ಕಡೆ ಬರೀ ‘ಥಾಯ್ಲೆಂಡ್ ರಾಣಿ ನಿಧನ’ ಅಂತ ಇತ್ತು, ಹಾಗಾದ್ರೆ ಈಗಿನ ರಾಜನ ಹೆಂಡತಿ ಸುತಿದಾ ಯಾರು? ಇನ್ನೊಂದು ಕಡೆ ‘ರಾಣಿಯ ತಾಯಿ’ ಅಂತ ಹಾಕಿದ್ರು, ಕ್ವೀನ್ ಮದರ್ ಅನ್ನೋದನ್ನ ಎರಡು ತುಂಡು ಮಾಡಿ ಹಾಗೇ ಕನ್ನಡಕ್ಕೆ ಇಳಿಸಿದ್ದು, ಪಾಪ ಅವರು ರಾಣಿಯ ತಾಯಿ ಅಲ್ಲ, ರಾಜನ ತಾಯಿ, ರಾಣಿಗೆ ಅತ್ತೆ. ಮೂರನೇದು ಓದಿದಾಗ ಮಾತ್ರ ನನಗೆ ನಿಜವಾಗ್ಲೂ ಹೊಟ್ಟೆ ಉರೀತು, ‘ವಿಧವೆ ರಾಣಿ’ ಅಂತ ದಪ್ಪ ಅಕ್ಷರದಲ್ಲಿ. ಯಾವ ಪತ್ರಿಕೆ ಅಂತ ಹೇಳಲ್ಲ, ಅದು ಮುಖ್ಯ ಅಲ್ಲ, ಯಾಕಂದ್ರೆ ಹೊರದೇಶದ ರಾಜಮನೆತನದ ಸುದ್ದಿ ಬಂದಾಗೆಲ್ಲ ಇದು ನಡೀತಾನೇ ಇರುತ್ತೆ.

ಸಿರಿಕಿತ್ ಅವರ ವಿಷಯದಲ್ಲಂತೂ ಈ ತಪ್ಪು ಆಗಲೇಬಾರದಿತ್ತು, ಯಾಕಂದ್ರೆ ಥಾಯ್ ಭಾಷೆಯಲ್ಲಿ ಅವರಿಗಿದ್ದ ಬಿರುದೇ ನಮ್ಮ ಬಾಯಲ್ಲಿರೋ ಮಾತು. ರಾಜನ ತಾಯಿಗೆ ಅವರು ‘ಬೊರೊಮ್ಮರಾಚ್ಚಚೊನ್ನನಿ’ ಅಂತಾರೆ, ಕೇಳೋಕೆ ಏನೋ ಅನ್ಸುತ್ತೆ, ಬಿಡಿಸಿ ನೋಡಿದ್ರೆ ‘ಪರಮ ರಾಜಜನನಿ’, ಅಷ್ಟೇ. ನಮ್ಮದೇ ಸಂಸ್ಕೃತದ ಪದ ಅಷ್ಟು ದೂರ ಹೋಗಿ ಉಚ್ಚಾರಣೆ ಬದಲಾಯಿಸ್ಕೊಂಡು ಕೂತಿದೆ. ಅಲ್ಲಿಂದ ಅದು ಇಂಗ್ಲಿಷಿಗೆ ಹೋಗಿ, ಇಂಗ್ಲಿಷಿಂದ ನಮ್ಮ ಪೇಪರಿಗೆ ಬರೋವಾಗ ‘ವಿಧವೆ’ ಆಗಿಬಿಡ್ತು.

ಇದನ್ನ ಒಂದು ಸಲ ಸರಿಯಾಗಿ ತಿಳ್ಕೊಂಡ್ರೆ ಕಷ್ಟ ಏನಿಲ್ಲ. ತಾನೇ ಸಿಂಹಾಸನದ ಮೇಲೆ ಕೂತು ಆಳೋಳು ಒಬ್ಬಳು ರಾಣಿ, ಎರಡನೇ ಎಲಿಜಬೆತ್ ಥರ. ಆಳೋ ರಾಜನ ಹೆಂಡತಿ ಇನ್ನೊಬ್ಬಳು ರಾಣಿ. ಆ ರಾಜ ತೀರ್ಕೊಂಡ ಮೇಲೆ ಉಳಿದ ಅವನ ಹೆಂಡತಿಗೆ ಇಂಗ್ಲಿಷಲ್ಲಿ ಕ್ವೀನ್ ಡೌವೆಜರ್ ಅಂತಾರೆ. ಅವಳೇ ಈಗಿನ ರಾಜನ ಅಥವಾ ಆಳೋ ರಾಣಿಯ ತಾಯಿಯೂ ಆಗಿದ್ರೆ ಕ್ವೀನ್ ಮದರ್. ಅಂದ್ರೆ ಕ್ವೀನ್ ಮದರ್ ಆಗೋಕೆ ಎರಡೂ ಬೇಕು, ಗಂಡ ರಾಜನಾಗಿರಬೇಕು, ಮಗನೋ ಮಗಳೋ ಪಟ್ಟಕ್ಕೆ ಬಂದಿರಬೇಕು. ಇನ್ನು ಡೌವೆಜರ್ ಅನ್ನೋ ಪದದ ಬೇರು ‘ಡೌವರ್’ ಅಂತ, ಗಂಡನ ಆಸ್ತಿಯಲ್ಲಿ ಹೆಂಡತಿಯ ಜೀವನಕ್ಕೆ ಅಂತ ತೆಗೆದಿಟ್ಟ ಪಾಲು. ನಮ್ಮ ಕಡೆ ಉಂಬಳಿ ಬಿಟ್ಟುಕೊಡ್ತಾರಲ್ಲ, ಹತ್ರಹತ್ರ ಹಾಗೇ. ಆ ಪದ ಅವಳಿಗೆ ಏನು ಹಕ್ಕಿದೆ ಅಂತ ಹೇಳೋ ಪದ. ನಾವು ಅದನ್ನ ಅವಳು ಏನು ಕಳ್ಕೊಂಡ್ಳು ಅಂತ ಹೇಳೋ ಪದಕ್ಕೆ ಬದಲಾಯಿಸಿದ್ವಿ.

1952ರಲ್ಲಿ ಲಂಡನ್ನಿನಲ್ಲಿ ಒಂದು ಫೋಟೊ ತೆಗೆದಿದ್ರು, ನಾನು ಕ್ಲಾಸಲ್ಲಿ ಮಕ್ಕಳಿಗೆ ತೋರಿಸ್ತಿದ್ದೆ. ಆರನೇ ಜಾರ್ಜ್ ಆ ವರ್ಷ ಫೆಬ್ರವರಿ 6ಕ್ಕೆ ತೀರ್ಕೊಂಡ, ಅವನ ಅಂತ್ಯಕ್ರಿಯೆ ಸಮಯದ್ದು. ಮೂರು ಹೆಂಗಸರು ತಲೆಯಿಂದ ಕೆಳಗಿನವರೆಗೆ ಕಪ್ಪು ಮುಸುಕು ಹಾಕ್ಕೊಂಡು ನಿಂತಿದಾರೆ, ಮುಖ ಸರಿಯಾಗಿ ಕಾಣಲ್ಲ. ಒಬ್ಬಳು ಸತ್ತವನ ತಾಯಿ, ಒಬ್ಬಳು ಹೆಂಡತಿ, ಒಬ್ಬಳು ಮಗಳು. ಮೂರೂ ಜನ ಕ್ವೀನ್! ಮಕ್ಕಳು ‘ಟೀಚರ್, ಒಂದು ದೇಶಕ್ಕೆ ಮೂರು ರಾಣೀರಾ’ ಅಂತ ಕೇಳೋವು. ತಾಯಿ ಕ್ವೀನ್ ಮೇರಿ, ಐದನೇ ಜಾರ್ಜ್‌ನ ಹೆಂಡತಿ, ಅವರು ಕೊನೇವರೆಗೂ ಕ್ವೀನ್ ಮೇರಿಯಾಗೇ ಇದ್ರು. ಹೆಂಡತಿ ಎಲಿಜಬೆತ್, ಮಗಳೂ ಎಲಿಜಬೆತ್, ಇಬ್ಬರೂ ‘ಕ್ವೀನ್ ಎಲಿಜಬೆತ್’ ಆದ್ರೆ ಯಾರು ಯಾರು ಅಂತ ಗೊಂದಲ, ಅದಕ್ಕೇ ತಾಯಿಗೆ ‘ಕ್ವೀನ್ ಎಲಿಜಬೆತ್ ದಿ ಕ್ವೀನ್ ಮದರ್’ ಅಂತ ಮಾಡಿದ್ರು. ಅತ್ತೆ ಮೇರಿ 1953ರ ಮಾರ್ಚಲ್ಲಿ ಹೋದ್ರು, ಮೊಮ್ಮಗಳ ಪಟ್ಟಾಭಿಷೇಕ ನೋಡ್ಲಿಲ್ಲ. ಸೊಸೆ ಮಾತ್ರ 2002ರವರೆಗೆ ಬದುಕಿದ್ರು, 101 ವರ್ಷ, ಅದರಲ್ಲಿ ಅರ್ಧ ಶತಮಾನ ಆ ಬಿರುದಿನಲ್ಲೇ. ಗಂಡ ಸತ್ತಿದಾನೆ ಅನ್ನೋದು ಆ ಹೆಸರಲ್ಲಿ ಎಲ್ಲೂ ಇಲ್ಲ ನೋಡಿ, ಮಗಳು ಇದಾಳೆ ಅನ್ನೋದು ಮಾತ್ರ ಇದೆ.

ಇದೇ ಲಂಡನ್ನಿನಲ್ಲಿ 1837ಕ್ಕೆ ಹೋಗಿ. ನಾಲ್ಕನೇ ವಿಲಿಯಂ ತೀರ್ಕೊಂಡ, ಅವನ ಹೆಂಡತಿ ಅಡಿಲೇಡ್‌ಗೆ ಹುಟ್ಟಿದ ಮಕ್ಕಳು ಉಳೀಲಿಲ್ಲ, ಪಟ್ಟ ಅಣ್ಣನ... ಅಲ್ಲ, ತಮ್ಮನ ಮಗಳು ವಿಕ್ಟೋರಿಯಾಗೆ ಹೋಯ್ತು. ಅಡಿಲೇಡ್ ಕ್ವೀನ್ ಡೌವೆಜರ್ ಆದ್ರು, ಕ್ವೀನ್ ಮದರ್ ಆಗ್ಲಿಲ್ಲ. ಕ್ರಿಕೆಟ್ ನೋಡೋರಿಗೆಲ್ಲ ಗೊತ್ತಿರೋ ಆಸ್ಟ್ರೇಲಿಯಾದ ಅಡಿಲೇಡ್ ಊರಿಗೆ ಇಟ್ಟಿದ್ದು ಇವರ ಹೆಸರೇ. ವಿಕ್ಟೋರಿಯಾಳ ಹೆತ್ತ ತಾಯಿಯೂ ಬದುಕಿದ್ಲು, ಆದ್ರೆ ಅವಳ ಗಂಡ ಬರೀ ಡ್ಯೂಕ್ ಆಫ್ ಕೆಂಟ್, ರಾಜ ಆಗಿರಲಿಲ್ಲ. ಮಗಳು ಅಷ್ಟು ದೊಡ್ಡ ಸಾಮ್ರಾಜ್ಯದ ರಾಣಿ, ತಾಯಿ ಮಾತ್ರ 1861ರಲ್ಲಿ ಸಾಯೋವರೆಗೂ ಡಚೆಸ್ ಆಫ್ ಕೆಂಟ್. ಇವತ್ತಿನ ಮಾತಿಗೆ ಬಂದ್ರೂ ಅಷ್ಟೇ, ಮುಂದೊಂದು ದಿನ ವಿಲಿಯಂ ರಾಜ ಆದಾಗ ಕೆಮಿಲಾ ಅವರನ್ನ ಇಂಗ್ಲಿಷ್ ಲೆಕ್ಕದಲ್ಲಿ ಕ್ವೀನ್ ಮದರ್ ಅನ್ನೋಕಾಗಲ್ಲ, ವಿಲಿಯಂ ತಾಯಿ ಡಯಾನಾ 1997ರಲ್ಲೇ ಹೋದ್ರಲ್ಲ. ಇದನ್ನ ಈಗಲೇ ಬರೆದಿಟ್ಕೊಳ್ಳಿ, ಆವತ್ತು ರಾತ್ರಿ ಪೇಜ್ ಕಳ್ಸೋ ಅವಸರದಲ್ಲಿ ಯಾರಿಗೂ ನೆನಪಾಗಲ್ಲ.

ಗಂಡ ರಾಜನಾಗದೇ ಮಗ ರಾಜನಾದ ತಾಯಂದಿರ ವಿಷಯ ನನಗೆ ಎಲ್ಲಕ್ಕಿಂತ ಹತ್ರ. ಸಿರಿಕಿತ್ ಅವರ ಅತ್ತೇನೇ ತಗೊಳ್ಳಿ, ಶ್ರೀನಗರಿಂದ್ರಾ. ಸಾಮಾನ್ಯರ ಮನೇಲಿ ಹುಟ್ಟಿ ನರ್ಸಿಂಗ್ ಕಲಿತ ಹುಡುಗಿ, ರಾಜಕುಮಾರ ಮಹಿಡೋಲ್‌ನ ಮದುವೆಯಾದ್ರು, ಅವನು 1929ರಲ್ಲೇ ತೀರ್ಕೊಂಡ, ರಾಜ ಆಗಲೇ ಇಲ್ಲ. 1935ರಲ್ಲಿ ದೊಡ್ಡ ಮಗ ಆನಂದ ರಾಜನಾದ, 1946ರಲ್ಲಿ ಅವನೂ ಹೋದ, ಚಿಕ್ಕ ಮಗ ಭೂಮಿಬೋಲ್ ಪಟ್ಟಕ್ಕೆ ಬಂದ. ಇಬ್ಬರು ರಾಜರನ್ನ ಹೆತ್ತ ತಾಯಿ, ತಾನು ಒಂದು ದಿನವೂ ರಾಣಿ ಆಗಿದ್ದವಳಲ್ಲ. 1970ರಲ್ಲಿ ಮಗನೇ ಆ ಪರಮ ರಾಜಜನನಿ ಅನ್ನೋ ಬಿರುದು ಕೊಟ್ಟ. ಜನ ಅದಕ್ಕೂ ಮೀರಿ ಪ್ರೀತಿಯಿಂದ ಅಜ್ಜಿ ಅಂತ ಕರೆಯೋಕೆ ಶುರು ಮಾಡಿದ್ರು, ಬೆಟ್ಟದ ಮೇಲಿನ ಹಾಡಿಗಳ ಜನ ‘ಆಕಾಶದಿಂದ ಬಂದ ತಾಯಿ’ ಅಂದ್ರು. 1995ರಲ್ಲಿ ತೀರ್ಕೊಂಡ್ರು.

ನಮ್ಮಲ್ಲಿ ಜೀಜಾಬಾಯಿ ಇದಾರಲ್ಲ. ಗಂಡ ಶಹಾಜಿ ದೊಡ್ಡ ಸರದಾರ, ಬೆಂಗಳೂರು ಅವನ ಜಹಗೀರು, ಆದ್ರೆ ಛತ್ರ ಹಿಡಿಸ್ಕೊಂಡ ರಾಜ ಅಲ್ಲ, 1664ರಲ್ಲಿ ಸತ್ತಿದ್ದು ನಮ್ಮ ಚನ್ನಗಿರಿ ಹತ್ರದ ಹೊದಿಗೆರೆಯಲ್ಲಿ, ಸಮಾಧಿ ಇವತ್ತೂ ಅಲ್ಲೇ ಇದೆ. ಶಿವಾಜಿ ಪಟ್ಟಾಭಿಷೇಕ ಆಗಿದ್ದು 1674ರ ಜೂನ್ 6ಕ್ಕೆ, ಜೀಜಾಬಾಯಿ ತೀರ್ಕೊಂಡಿದ್ದು ಅದೇ ಜೂನ್ 17ಕ್ಕೆ. ಹನ್ನೊಂದು ದಿನ! ಮಗ ಛತ್ರಪತಿ ಆದ ಮೇಲೆ ಅವರು ಬದುಕಿದ್ದು ಹನ್ನೊಂದೇ ದಿನ. ಆದ್ರೂ ಮುನ್ನೂರೈವತ್ತು ವರ್ಷದಿಂದ ಜನರ ಬಾಯಲ್ಲಿ ಅವರು ರಾಜಮಾತೆ ಜೀಜಾಬಾಯಿ. ಯಾರೂ ‘ಶಹಾಜಿಯ ವಿಧವೆ’ ಅಂತ ಪಾಠ ಮಾಡಲ್ಲ. ಅಂದ್ರೆ ನಮ್ಮ ‘ರಾಜಮಾತೆ’ ಇಂಗ್ಲಿಷಿನ ‘ಕ್ವೀನ್ ಮದರ್’ಗಿಂತ ವಿಶಾಲವಾದ ಪದ. ಅವಳು ಮೊದಲು ರಾಣಿ ಆಗಿರಬೇಕು ಅನ್ನೋ ಷರತ್ತು ಇಲ್ಲಿಲ್ಲ, ಹೆತ್ತಿರಲೇಬೇಕು ಅನ್ನೋದೂ ಇಲ್ಲ. ಜೈಪುರದ ಗಾಯತ್ರಿ ದೇವಿ 1970ರಲ್ಲಿ ಗಂಡ ಹೋದ ಮೇಲೆ ರಾಜಮಾತಾ ಆದ್ರು, ಪಟ್ಟಕ್ಕೆ ಬಂದ ಭವಾನಿ ಸಿಂಗ್ ಅವರ ಸವತಿಯ ಮಗ.

ತಂದೆಯರ ಮಾತು ಬೇರೆ. ಶಹಾಜಿಗೆ ‘ರಾಜಪಿತ’ ಅಂತ ಯಾರೂ ಅನ್ನಲ್ಲ, ಆ ಪದವೇ ಬಳಕೆಗೆ ಬರಲಿಲ್ಲ. ಕೊರಿಯಾದಲ್ಲಿ ಮಾತ್ರ ತಾನು ರಾಜನಾಗದೇ ಮಗ ರಾಜನಾದ್ರೆ ಆ ತಂದೆಗೆ ‘ದೇವೊನ್‌ಗುನ್’ ಅಂತ ಬೇರೆ ಬಿರುದೇ ಇತ್ತು, 1863ರಲ್ಲಿ ಗೊಜೊಂಗ್ ಹುಡುಗನಾಗಿದ್ದಾಗ ಪಟ್ಟಕ್ಕೆ ಬಂದಾಗ ಅವನ ತಂದೆ ಆ ಬಿರುದಿನಲ್ಲೇ ಹತ್ತು ವರ್ಷ ರಾಜ್ಯ ನಡೆಸ್ದ. ಆಳೋ ರಾಣಿಯ ಗಂಡಂದಿರಿಗೂ ರಾಜ ಅನ್ನೋ ಹೆಸರು ಸಿಗೋದು ಅಪರೂಪ. ಫಿಲಿಪ್ 73 ವರ್ಷ ಎಲಿಜಬೆತ್ ಜೊತೆ ಸಂಸಾರ ಮಾಡಿ 2021ರಲ್ಲಿ ಪ್ರಿನ್ಸ್ ಆಗೇ ಹೋದ್ರು, ಡೆನ್ಮಾರ್ಕಿನ ಹೆನ್ರಿಕ್‌ಗೆ ಇದೇ ಕೊರಗು ಎಷ್ಟಿತ್ತು ಅಂದ್ರೆ ಸತ್ತ ಮೇಲೆ ಹೆಂಡತಿ ಪಕ್ಕದಲ್ಲಿ ಮಣ್ಣು ಮಾಡಬೇಡಿ ಅಂತ 2017ರಲ್ಲಿ ಹೇಳಿಬಿಟ್ರು. ಆದ್ರೆ ಗಂಡಸರ ವಿಷಯದಲ್ಲಿ ಒಂದು ಮಾತ್ರ ಯಾವತ್ತೂ ಆಗಲ್ಲ. ನಾರ್ವೆಯ ರಾಜ ಏಳನೇ ಹಾಕೊನ್‌ನ ಹೆಂಡತಿ ಮೌಡ್ 1938ರಲ್ಲಿ ತೀರ್ಕೊಂಡ್ರು, ಅವನು ಆಮೇಲೆ 19 ವರ್ಷ ಆಳಿದ, ಯಾವ ಭಾಷೆಯ ಯಾವ ಪೇಪರಾದ್ರೂ ಅವನನ್ನ ‘ವಿಧುರ ರಾಜ’ ಅಂತ ಕರೆದಿರಬಹುದು ಅಂತ ನನಗೆ ಅನ್ಸಲ್ಲ.

ಸರ್, ಇದು ಬರೀ ಭಾಷಾಂತರದ ತಪ್ಪು ಆಗಿದ್ರೆ ನಾನು ಇಷ್ಟು ಬರೀತಿರಲಿಲ್ಲ. ನಮ್ಮ ಮನೇಲೇ ನಡೆದಿದ್ದು ಹೇಳ್ತೀನಿ. ನಮ್ಮಪ್ಪ 1986ರಲ್ಲಿ ಹೋದ್ರು. ಎರಡು ವರ್ಷ ಆದ ಮೇಲೆ ತಮ್ಮನ ಮದುವೆ, ಲಗ್ನಪತ್ರಿಕೆ ಅಚ್ಚು ಹಾಕಿಸೋಕೆ ನಾನು, ಅವ್ವ, ನಮ್ಮ ಕಾಕಾ ಮೂರೂ ಜನ ಬೈಲಹೊಂಗಲದಲ್ಲೇ ಒಂದು ಪ್ರೆಸ್ಸಿಗೆ ಹೋಗಿದ್ವಿ. ಆವಾಗ ಇನ್ನೂ ಅಚ್ಚಿನ ಮೊಳೆ ಜೋಡಿಸೋ ಕಾಲ. ನನ್ನ ಮದುವೆ ಪತ್ರಿಕೆ ಅಲ್ಲೇ ಆಗಿತ್ತು, ಅದೇ ನಮೂನೆ ಇರಲಿ ಅಂತ ಹಳೇದೊಂದು ಕಾರ್ಡ್ ತಗೊಂಡು ಹೋಗಿದ್ವಿ. ಮೊಳೆ ಜೋಡಿಸೋ ಅಣ್ಣ ಅದನ್ನ ನೋಡ್ಕೊಂಡು ಒಂದೊಂದೇ ಸಾಲು ಕೂಡಿಸಿ, ಅವ್ವನ ಹೆಸರಿನ ಹತ್ರ ಬಂದು ನಿಲ್ಲಿಸಿದ. ಅಪ್ಪ ಇಲ್ಲ ಅಂತ ಅವನಿಗೆ ಗೊತ್ತಿತ್ತು. ಏನೂ ಮಾತಾಡದೇ ಚಿಮಟದಲ್ಲಿ ಆ ‘ಸೌ’ (ಸೌಭಾಗ್ಯವತಿ) ಮೊಳೆನೂ ಅದರ ಮುಂದಿನ ಚುಕ್ಕಿನೂ ಎತ್ತಿ ಮರದ ಖಾನೆಗೆ ಹಾಕ್ದ. ಟಕ್ ಅಂತ ಸಪ್ಪಳ ಆಯ್ತು. ಆಮೇಲೆ ಕಾಕಾನ ಕಡೆ ನೋಡಿ ‘ಗಂ.ಭಾ. ಅಂತ ಹಾಕ್ಲೇನ್ರಿ, ಶ್ರೀಮತಿ ಅಂತ ಹಾಕ್ಲೇನ್ರಿ’ ಅಂತ ಕೇಳ್ದ. ಗಂ.ಭಾ. ಅಂದ್ರೆ ಗಂಗಾಭಾಗೀರಥಿ, ಗಂಡ ಹೋದವರ ಹೆಸರಿನ ಮುಂದೆ ನಮ್ಮ ಕಡೆ ಹಚ್ಚೋದು. ಅವ್ವನ ಕಡೆ ನೋಡ್ಲಿಲ್ಲ. ಕೆಟ್ಟ ಮನುಷ್ಯ ಅಲ್ಲ ಅವನು, ಅವನಿಗೂ ಮುಜುಗರ ಆಗಿತ್ತು ಅಂತ ಈಗ ಅನ್ಸುತ್ತೆ.

ಅವ್ವನೇ ಹೇಳಿದ್ಲು, ‘ನನ್ನ ಹೆಸರಷ್ಟ ಇರ್ಲಿರಿ, ಅದರ ಮುಂದ ಏನೂ ಹಚ್ಚಬ್ಯಾಡ್ರಿ’. ಕಾಕಾ ಒಪ್ಪಲಿಲ್ಲ, ಜನಾ ಏನಂತಾರ, ಬೀಗರು ಏನಂತಾರ ಅಂತ. ಕೊನೆಗೆ ‘ಶ್ರೀಮತಿ’ ಅಂತ ಅಚ್ಚಾಯ್ತು. ವಾಪಸ್ ಬರೋವಾಗ ದಾರೀಲಿ ರಾಣಿ ಚೆನ್ನಮ್ಮನ ಸಮಾಧಿ ಕಡೆ ಹೋಗೋ ತಿರುವು ಬಂತು, ಅವ್ವ ಅಲ್ಲಿ ನಿಂತು ನನ್ನ ಕೇಳಿದ್ಲು, ‘ನೀ ಸಾಲಿ ಕಲಸ್ತಿಯಲ್ಲ, ಚೆನ್ನಮ್ಮನ ಹೆಸರಿನ ಮುಂದ ಏನ್ ಬರೀತಾರ?’ ಅಂತ. ರಾಣಿ ಅಂತ ಬರೀತಾರವ್ವ ಅಂದೆ. ‘ಗಂಡ ಸತ್ತಮ್ಯಾಲೂ?’ ಅಂದ್ಲು. ನಾನು ಹೂಂ ಅಂದೆ. ಅವ್ವ ಮತ್ತೆ ಆ ಮಾತು ಎತ್ತಲಿಲ್ಲ, ನಾನು ಮಾತ್ರ ಆವತ್ತಿಂದ ಅದನ್ನ ಹೊತ್ಕೊಂಡು ತಿರುಗ್ತಿದೀನಿ.

ಚೆನ್ನಮ್ಮನ ವಿಷಯ ನೋಡಿ. ಕಿತ್ತೂರಿನ ರಾಜ ಮಲ್ಲಸರ್ಜನ ಎರಡನೇ ಹೆಂಡತಿ. ಅವನು 1816ರಲ್ಲಿ ತೀರ್ಕೊಂಡ. ಪಟ್ಟಕ್ಕೆ ಬಂದ ಶಿವಲಿಂಗರುದ್ರಸರ್ಜ ಹಿರೇ ರಾಣಿಯ ಮಗ, ಚೆನ್ನಮ್ಮ ಅವನಿಗೆ ಮಲತಾಯಿ. ಅವನೂ 1824ರಲ್ಲಿ ಹೋದ ಮೇಲೆ ದತ್ತು ಹುಡುಗನನ್ನ ಕಂಪನಿ ಒಪ್ಪಲ್ಲ ಅಂತು, ಅದೇ ವರ್ಷ ಅಕ್ಟೋಬರ್ 23ಕ್ಕೆ ಕಿತ್ತೂರಿನ ಕೋಟೆ ಮುಂದೆ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತ. ರಾಜನ ಹೆಂಡತಿ, ರಾಜನನ್ನ ಕಳ್ಕೊಂಡವಳು, ರಾಜನ ಮಲತಾಯಿ, ಆಮೇಲೆ ದತ್ತು ಹುಡುಗನ ಪರವಾಗಿ ಸಂಸ್ಥಾನ ಕಾಯ್ದ ಹಿರಿಯಳು, ಇಷ್ಟೂ ಒಬ್ಬಳೇ. ಇಂಗ್ಲಿಷಿನ ಲೆಕ್ಕ ಇಟ್ಕೊಂಡು ಬರೆದ್ರೆ ನಾಲ್ಕು ಸಲ ಹೆಸರು ಬದಲಾಯಿಸಬೇಕಾಗ್ತಿತ್ತು. ಲಾವಣಿ ಹೇಳೋರಿಗೆ ಆ ತೊಂದರೆಯೇ ಬರಲಿಲ್ಲ. ಕೆಳದಿ ಚೆನ್ನಮ್ಮನೂ ಹಾಗೇ, ಗಂಡ ಸೋಮಶೇಖರ ನಾಯಕ ಹೋದ ಮೇಲೇ ಅವಳು ಇಪ್ಪತ್ತೈದು ವರ್ಷ ರಾಜ್ಯ ಆಳಿದ್ದು.

ಮೈಸೂರಿಗೆ ಬಂದ ಮೇಲೆ ನನಗೆ ಇನ್ನೊಂದು ಗೊತ್ತಾಯ್ತು. ಇಲ್ಲಿ ಅರಮನೆಯವರು ರಾಣಿಯರಿಗೆ ಎಷ್ಟು ಚಂದದ ವ್ಯವಸ್ಥೆ ಮಾಡ್ಕೊಂಡಿದ್ರು ಅಂದ್ರೆ ಒಬ್ಬೊಬ್ಬರಿಗೂ ಒಂದೊಂದು ‘ಸನ್ನಿಧಾನ’. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು ರಾಮವಿಲಾಸ, ಕೃಷ್ಣವಿಲಾಸ, ಸೀತಾವಿಲಾಸ ಸನ್ನಿಧಾನದವರು ಅಂತ. ಮೈಸೂರಲ್ಲಿ ದಿನಾ ರಾಮವಿಲಾಸ ರಸ್ತೇಲಿ, ಕೃಷ್ಣವಿಲಾಸ ರಸ್ತೇಲಿ, ಸೀತಾವಿಲಾಸ ರಸ್ತೇಲಿ ಸ್ಕೂಟರ್ ಓಡಿಸ್ಕೊಂಡು ಹೋಗೋ ಎಷ್ಟೋ ಜನಕ್ಕೆ ಅದು ರಾಣಿಯರ ಬಿರುದು ಅಂತ ಗೊತ್ತಿಲ್ಲ, ಹೋಟೆಲ್ ಹೆಸರೋ ಛತ್ರದ ಹೆಸರೋ ಅನ್ಕೊಂಡಿದಾರೆ. ಆ ಹೆಸರುಗಳಲ್ಲಿ ಗಂಡ ಇದಾನೋ ಇಲ್ವೋ ಅನ್ನೋ ಸುಳಿವೇ ಇಲ್ಲ. ಸನ್ನಿಧಾನ ಅಂದ್ರೆ ಆ ವ್ಯಕ್ತಿ ಅಲ್ಲಿ ಇರೋದು, ಅವರ ಇರುವಿಕೆ. ದೇವರಿಗೆ, ಮಠದ ಸ್ವಾಮಿಗಳಿಗೆ ಹೇಳೋ ಪದ.

ವಾಣಿವಿಲಾಸ ಸನ್ನಿಧಾನದವರು, ಕೆಂಪನಂಜಮ್ಮಣ್ಣಿ, ಅವರಿಗೆ 28 ವರ್ಷ ಆಗಿದ್ದಾಗ ಗಂಡ ಹತ್ತನೇ ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರ್ 28ಕ್ಕೆ ಕಲ್ಕತ್ತಾದಲ್ಲಿ ಗಂಟಲುಮಾರಿ ಬಂದು ತೀರ್ಕೊಂಡ್ರು. ಮಗ ನಾಲ್ವಡಿಯವರಿಗೆ ಹತ್ತು ವರ್ಷ. ಆ ಕಾಲದಲ್ಲಿ ಗಂಡ ಸತ್ತ 28ರ ಹೆಣ್ಣನ್ನ ಏನು ಮಾಡ್ತಿದ್ರು ಅಂತ ಹಿರಿಯರಿಗೆ ಗೊತ್ತು, ಒಳಮನೆ ಸೇರಿಸಿಬಿಡೋರು. ಇವರು 1895ರಿಂದ 1902ರ ಆಗಸ್ಟ್ 8ರವರೆಗೆ ರೀಜೆಂಟ್ ಆಗಿ, ಅಂದ್ರೆ ಚಿಕ್ಕ ಮಗನ ಪರವಾಗಿ, ಇಡೀ ಮೈಸೂರು ಸಂಸ್ಥಾನ ನಡೆಸಿದ್ರು. 1897ರಲ್ಲಿ ಹಳೇ ಅರಮನೆ ಸುಟ್ಟುಹೋಗಿ ಹೊಸದಕ್ಕೆ ಕೈ ಹಾಕಿದ್ದು ಅವರ ಕಾಲದಲ್ಲಿ, ಪ್ಲೇಗ್ ಬಂದಾಗ ಬೆಂಗಳೂರಿನ ಬಸವನಗುಡಿ ಮಲ್ಲೇಶ್ವರ ಬಡಾವಣೆ ಆಗಿದ್ದು ಅವರ ಕಾಲದಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದು ಅವರ ಕಾಲದಲ್ಲಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಕಲ್ಲು ಹಾಕಿದವರೂ ಅವರೇ, ಈಗ ಅದರ ಪಕ್ಕದಲ್ಲೇ ಹೆರಿಗೆಗೆ ಅಂತ ಹೆಣ್ಮಕ್ಕಳು ಬರೋ ವಾಣಿವಿಲಾಸ ಆಸ್ಪತ್ರೆ ಇದೆ. ಪಕ್ಕಪಕ್ಕದ ಎರಡು ಗೇಟು, ಎರಡೂ ಗಂಡನನ್ನ ಕಳ್ಕೊಂಡ ಹೆಂಗಸರ ಹೆಸರು, ಬೋರ್ಡಿನ ಮೇಲೆ ಎಲ್ಲೂ ಆ ಮಾತಿಲ್ಲ. ಅಷ್ಟೇ ನಾನು ಕೇಳ್ತಿರೋದು ಕೂಡ.

1940ರಲ್ಲಿ ಇದೇ ಮೈಸೂರಲ್ಲಿ ಡಚೆಸ್ ಆಫ್ ಕೆಂಟ್ ಕಥೆಯೇ ಮತ್ತೆ ನಡೀತು. ಮಾರ್ಚ್ 11ಕ್ಕೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬೊಂಬಾಯಿಯಲ್ಲಿ ಹೋದ್ರು, ಆಗಸ್ಟ್ 3ಕ್ಕೆ ಅಣ್ಣ ನಾಲ್ವಡಿಯವರು ಹೋದ್ರು, ಅವರಿಗೆ ಮಕ್ಕಳಿರಲಿಲ್ಲ. ಪಟ್ಟ ಯುವರಾಜರ ಮಗ ಜಯಚಾಮರಾಜರಿಗೆ ಬಂತು. ಹೀಗಾಗಿ ಹೊಸ ಮಹಾರಾಜರ ಹೆತ್ತ ತಾಯಿ ಕೆಂಪುಚೆಲುವಾಜಮ್ಮಣ್ಣಿ ಯುವರಾಣಿ, ದೊಡ್ಡಮ್ಮ ಲಕ್ಷ್ಮೀವಿಲಾಸ ಸನ್ನಿಧಾನದ ಪ್ರತಾಪಕುಮಾರಿ ಮಹಾರಾಣಿ. ಐದು ತಿಂಗಳ ಒಳಗೆ ಒಂದೇ ಮನೆಯ ಇಬ್ಬರು ವಾರಗಿತ್ತಿಯರು ಗಂಡಂದಿರನ್ನ ಕಳ್ಕೊಂಡ್ರು. ಅವರ ಬಗ್ಗೆ ಬರೆಯೋವಾಗ ಯುವರಾಣಿ, ಮಹಾರಾಣಿ ಅಂತ ಸರಿಯಾಗೇ ಬರೀತೀವಿ, ಆದ್ರೆ ಬ್ಯಾಂಕಾಕಿನ ಸುದ್ದಿ ಬಂದಾಗ ಯಾಕೆ ಕೈ ತಪ್ಪುತ್ತೆ?

ಕರಾವಳಿ ಕಡೆಯ ಓದುಗರು ನನ್ನನ್ನ ಬೈಯೋ ಮೊದಲೇ ಹೇಳ್ಬಿಡ್ತೀನಿ, ಅಲ್ಲಿ ಲೆಕ್ಕವೇ ಬೇರೆ. ಅಳಿಯಸಂತಾನದಲ್ಲಿ, ಅಂದ್ರೆ ತಾಯಿಯ ಕಡೆಯಿಂದ ವಾರಸುದಾರಿಕೆ ನಡೆಯೋ ಪದ್ಧತಿಯಲ್ಲಿ, ಪಟ್ಟ ಗಂಡನಿಂದ ಬರೋದಲ್ಲ, ಉಳ್ಳಾಲದ ಅಬ್ಬಕ್ಕನಿಗೆ ಬಂದಿದ್ದು ಸೋದರಮಾವನಿಂದ. ಕೆಳಗೆ ತಿರುವಾಂಕೂರಲ್ಲಂತೂ ಮಹಾರಾಜನ ಹೆಂಡತಿ ರಾಣಿಯೇ ಅಲ್ಲ, ಅವಳಿಗೆ ಅಮ್ಮಚ್ಚಿ ಅಂತಾರೆ, ಮಹಾರಾಣಿ ಅಂದ್ರೆ ರಾಜನ ತಾಯಿಯೋ ಅಕ್ಕತಂಗಿಯೋ. ಹಾಗಾಗಿ ಅಲ್ಲಿಯ ಸುದ್ದಿ ಬರೆಯೋವಾಗ ಮಹಾರಾಣಿ ಅಂದ ತಕ್ಷಣ ರಾಜನ ಪತ್ನಿ ಅಂತ ಸೇರಿಸಬೇಡಿ, ಅದು ದೊಡ್ಡ ಅಪಚಾರ ಆಗುತ್ತೆ.

ಜಪಾನಿನವರು ಈ ವಿಷಯದಲ್ಲಿ ಎಷ್ಟು ಸೂಕ್ಷ್ಮ ನೋಡಿ. 2019ರ ಏಪ್ರಿಲ್ 30ಕ್ಕೆ ಚಕ್ರವರ್ತಿ ಅಕಿಹಿತೊ ತಾವೇ ಪಟ್ಟ ಬಿಟ್ಟುಕೊಟ್ರು. ಹೆಂಡತಿ ಮಿಚಿಕೊ ಅವರನ್ನ ಏನಂತ ಕರೀಬೇಕು? ಹಳೇ ಚಕ್ರವರ್ತಿಯ ಹೆಂಡತಿಗೆ ‘ಕೊತೈಗೊ’ ಅನ್ನೋ ಪದ ಮೊದಲಿಂದ ಇತ್ತು, ಆದ್ರೆ ಅದು ಕೇಳಿದ್ರೆ ಗಂಡ ಸತ್ತವಳು ಅನ್ನೋ ಭಾವನೆ ಬರುತ್ತೆ ಅಂತ ಅದನ್ನ ಬಿಟ್ಟು ‘ಜೊಕೊಗೊ’ ಅಂತ ಹೊಸ ಪದವನ್ನೇ ಕಾನೂನಲ್ಲಿ ಹಾಕಿದ್ರು. ಡೆನ್ಮಾರ್ಕಲ್ಲೂ ‘ವಿಧವೆ ರಾಣಿ’ ಅಂತಲೇ ಅರ್ಥ ಬರೋ ಹಳೇ ಪದ ಇತ್ತು, 1972ರಲ್ಲಿ ಗಂಡ ಹೋದ ಮೇಲೂ ಇಂಗ್ರಿಡ್ ಬರೀ ಕ್ವೀನ್ ಇಂಗ್ರಿಡ್ ಆಗೇ ಉಳಿದ್ರು. ಅವರ ಭಾಷೆಯಲ್ಲಿ ಇದ್ದ ಪದವನ್ನ ಅವರು ಬಿಡ್ತಿದಾರೆ, ನಮ್ಮಲ್ಲಿ ಇಲ್ಲದ್ದನ್ನ ನಾವು ಹೊಸದಾಗಿ ಹುಟ್ಟಿಸ್ತಿದೀವಿ.

ನೀವು ಕೇಳಬಹುದು, ಈಗ ರಾಜರೆಲ್ಲಿದಾರೆ ಟೀಚರ್, 1971ರ 26ನೇ ತಿದ್ದುಪಡಿಯಲ್ಲಿ ರಾಜಧನವೂ ಹೋಯ್ತು ಮಾನ್ಯತೆಯೂ ಹೋಯ್ತು ಅಂತ. ನಿಜ, ಅದನ್ನ ನಾನೇ ಪಾಠ ಮಾಡಿದೀನಿ, ಆ ತಿದ್ದುಪಡಿ ಸರಿ ಅಂತಲೇ ನಂಬಿದವಳು. ದಸರಾ ಬಂದಾಗ ಪ್ರಮೋದಾದೇವಿ ಒಡೆಯರ್ ಅವರನ್ನ ಜನ ರಾಜಮಾತೆ ಅಂತಾರೆ, 2015ರಲ್ಲಿ ಯದುವೀರ್ ಅವರನ್ನ ದತ್ತು ತಗೊಂಡ ತಾಯಿ, ಅದು ಜನ ಪ್ರೀತಿಯಿಂದ ಕರೆಯೋದು, ದಸರಾ ಸುದ್ದಿಯಲ್ಲಿ ಹಾಗೆ ಬರೆದ್ರೆ ಚಂದವೇ. ಕೋರ್ಟು, ಆಸ್ತಿ, ಚುನಾವಣೆ ಸುದ್ದಿಯಲ್ಲಿ ಮಾತ್ರ ಹೆಸರು ಬರೆದು ‘ಅವರು’ ಅಂತ ಸೇರಿಸಿದ್ರೆ ಸಾಕು ಅನ್ಸುತ್ತೆ ನನಗೆ, ಅಲ್ಲಿ ಅವರೂ ನಮ್ಮ ಹಾಗೇ ಪ್ರಜೆ. ಹೊರದೇಶದವರಿಗೆ ಅವರವರ ದೇಶದಲ್ಲಿ ಏನು ಬಿರುದಿದೆಯೋ ಅದನ್ನ ನೋಡಿ, ರಾಜನ ತಾಯಿ ಆಗಿದ್ರೆ ರಾಜಮಾತೆ ಅಂತ ಬರೀರಿ, ತಾಯಿ ಅಲ್ಲದೇ ಹೋದ್ರೆ ‘ಹಿಂದಿನ ರಾಜ ಇಂಥವರ ಪತ್ನಿ, ರಾಣಿ ಇಂಥವರು’ ಅಂದ್ರೆ ಓದೋರಿಗೆ ಸಲೀಸಾಗಿ ಅರ್ಥ ಆಗುತ್ತೆ. ‘ರಾಣಿಯ ತಾಯಿ’ ಅಂತ ಬರೆಯೋ ಮೊದಲು ಈಗ ಪಟ್ಟದಲ್ಲಿರೋದು ಗಂಡೋ ಹೆಣ್ಣೋ ಅಂತ ಒಂದು ನಿಮಿಷ ನೋಡಿ. ‘ವಿಧವೆ’ಯನ್ನಂತೂ ದಯವಿಟ್ಟು ಹೆಡ್ಡಿಂಗಿಂದ ತೆಗೆದುಹಾಕಿ, ರಾಣಿಯರದ್ದಷ್ಟೇ ಅಲ್ಲ, ರಸ್ತೆ ಅಪಘಾತದಲ್ಲಿ ಗಂಡ ಹೋದ ಕೂಲಿ ಹೆಂಗಸಿನ ಸುದ್ದಿಯಲ್ಲೂ. ಅವಳಿಗೂ ಒಂದು ಹೆಸರಿರುತ್ತಲ್ಲ.

ಇನ್ನೊಂದೇ ಒಂದು ಕೋರಿಕೆ. ವೇದಾವತಿ ನದಿಗೆ ಹಿರಿಯೂರಿನ ಹತ್ರ ಮಾರಿಕಣಿವೆಯಲ್ಲಿ 1907ಕ್ಕೆ ಮುಗಿಸಿದ ಅಣೆಕಟ್ಟು 1933ರಲ್ಲಿ ಒಮ್ಮೆ ತುಂಬಿತ್ತು, ಆಮೇಲೆ 89 ವರ್ಷ ಕಾದು 2022ರಲ್ಲಿ ಕೋಡಿ ಬಿತ್ತು. ಚಿತ್ರದುರ್ಗದ ಕಡೆ ಜನ ಬಾಗಿನ ಹಿಡ್ಕೊಂಡು ಹೋಗಿದ್ದನ್ನ ಎಲ್ಲರೂ ಫೋಟೊ ಹಾಕಿ ಬರೆದ್ರು, ಎಲ್ಲಾ ಕಡೆ ‘ವಿ.ವಿ. ಸಾಗರ’ ಅಂತ. ನಮ್ಮ ಮೊಹಲ್ಲಾನೂ ವಿ.ವಿ. ಮೊಹಲ್ಲಾ ಆಗಿಬಿಟ್ಟಿದೆ, ಬೆಂಗಳೂರಿನ ವಿ.ವಿ. ಪುರಂ ವಿಶ್ವೇಶ್ವರಪುರ ಆಗಿರೋದ್ರಿಂದ ನನ್ನ ಮೊಮ್ಮಗ ಎಲ್ಲ ‘ವಿ.ವಿ.’ನೂ ಒಂದೇ ಅನ್ಕೊಂಡಿದಾನೆ, ಎಲ್ಲಾ ವಿಶ್ವೇಶ್ವರಯ್ಯನೋರದ್ದೇ ಅಂತಾನೆ. ಮುಂದಿನ ಸಲ ಆ ಕೆರೆ ತುಂಬಿದಾಗ ಹೆಡ್ಡಿಂಗಲ್ಲಿ ವಾಣಿವಿಲಾಸ ಸಾಗರ ಅಂತ ಪೂರ್ತಿ ಹೆಸರು ಹಾಕಿ. ಕಾಲಂನಲ್ಲಿ ಹಿಡಿಸಲ್ಲ ಅಂದ್ರೆ ಅಕ್ಷರ ಒಂದು ಸೈಜ್ ಕಡಿಮೆ ಮಾಡಿ ಹಾಕಿ.

ಇಂತಿ,
ನಿಮ್ಮ ಹಳೇ ಓದುಗಳು, ನಿವೃತ್ತ ಶಿಕ್ಷಕಿ,
ವಾಣಿವಿಲಾಸ ಮೊಹಲ್ಲಾ, ಮೈಸೂರು